ಕರ್ನಾಟಕ: ಒಂದು ಹೆಸರಿನ ಪೂರ್ವೋತ್ತರ

ನಮ್ಮ ತವರು ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು, 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದ ಮೇಲೂ, ಹದಿನೇಳು ವರ್ಷ ಅದು 'ಮೈಸೂರು' ರಾಜ್ಯವೇ ಆಗಿತ್ತು. ನಾನು ಬ್ಯಾಂಕಿನಲ್ಲಿ ಪಿಂಚಣಿ ಕಾಗದಪತ್ರಗಳನ್ನು ನೋಡುತ್ತಿದ್ದಾಗ ರಾಯಚೂರು ಜಿಲ್ಲೆಯ ಹಿರಿಯರೊಬ್ಬರ ದಾಖಲೆಗಳು ಕೈಗೆ ಬಂದವು. ಒಂದೇ ಹಳ್ಳಿ, ಜನನದ ದಾಖಲೆಯಲ್ಲಿ ಹೈದರಾಬಾದ್ ಸಂಸ್ಥಾನ, ಶಾಲೆಯ ಪ್ರಮಾಣಪತ್ರದಲ್ಲಿ ಮೈಸೂರು ರಾಜ್ಯ, ಮಗನ ದಾಖಲೆಯಲ್ಲಿ ಕರ್ನಾಟಕ! ಮೂರರಲ್ಲಿ ಕೊನೆಯದು ಹೊಸದೆಂದು ಯಾರಿಗಾದರೂ ತೋರೀತು. ವಾಸ್ತವವಾಗಿ ಅದೇ ಎಲ್ಲಕ್ಕಿಂತ ಹಳೆಯದು.

ಮಹಾಭಾರತದ ಭೀಷ್ಮಪರ್ವದಲ್ಲಿ ಬರುವ ಜನಪದಗಳ ಪಟ್ಟಿಯಲ್ಲಿ ಕರ್ಣಾಟಕರ ಹೆಸರಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ 'ಕರ್ಣಾಟ'ದ ಉಲ್ಲೇಖವಿದೆ. ತಮಿಳಿನ ಶಿಲಪ್ಪದಿಕಾರಂ 'ಕರುನಾಡರ್' ಎನ್ನುತ್ತದೆ. ಶೂದ್ರಕನ ಮೃಚ್ಛಕಟಿಕ ನಾಟಕದಲ್ಲಿಯಂತೂ ಚಂದನಕನು ಜಗಳ ತೆಗೆಯಲು 'ಕರ್ಣಾಟ ಕಲಹ'ದ ಉಪಾಯವನ್ನೇ ಹೂಡುತ್ತಾನೆ. ನಮ್ಮವರ ಜಗಳಗಂಟತನ ಅಷ್ಟು ಹಿಂದೆಯೇ ಪರಊರುಗಳಲ್ಲಿ ಪ್ರಸಿದ್ಧವಾಗಿತ್ತೆಂದು ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದು.

ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎತ್ತರವೆಂಬ ಅರ್ಥದ 'ಕರು' ಶಬ್ದಕ್ಕೆ 'ನಾಡು' ಸೇರಿ 'ಕರುನಾಡು', ಅಂದರೆ ಎತ್ತರದ ನಾಡು, ಆಯಿತೆಂಬುದು ಒಂದು ಮತ. ಕರಿಯ ಮಣ್ಣಿನ ನಾಡು ಎಂಬುದು ಇನ್ನೊಂದು. ಕಂಪಿನ ನಾಡು ಎಂಬ ವಿವರಣೆಯೂ ಉಂಟು. ಅದು ಕಿವಿಗೆ ಇಂಪಾದರೂ ಮೊದಲೆರಡರಷ್ಟು ಬಲವುಳ್ಳದ್ದಲ್ಲವೆಂದು ನನ್ನ ಭಾವನೆ. ದಖ್ಖನ್ನಿನ ಪ್ರಸ್ಥಭೂಮಿಯನ್ನೂ ಕಲಬುರಗಿ, ರಾಯಚೂರು ಕಡೆಯ ಎರೆನೆಲವನ್ನೂ ಬಲ್ಲವರಿಗೆ ಆ ಎರಡು ಅರ್ಥಗಳೂ ಸಹಜವಾಗಿಯೇ ತೋರುತ್ತವೆ.

ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. ತೆಲುಗು ಪತ್ರಿಕೆಗಳಲ್ಲಿ 'ಕರ್ಣಾಟಕ' ಎಂದಿರುವಾಗ ನಾವೇಕೆ 'ಕರ್ನಾಟಕ' ಎಂದು ಬರೆಯುತ್ತೇವೆ? ಸಂಸ್ಕೃತದ ಸಂಧಿನಿಯಮದಂತೆ ರೇಫದ ಮುಂದಿನ ನಕಾರವು ಣಕಾರವಾಗುತ್ತದೆ. ದೇಶೀಯವಾದ 'ನಾಡು' ಶಬ್ದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಕಾರವೇ ಉಳಿಯುತ್ತದೆ. ಹಿಂದಿನ ತಲೆಮಾರಿನ ಅನೇಕ ಕನ್ನಡ ಲೇಖಕರೂ ಣಕಾರವನ್ನೇ ಬಳಸುತ್ತಿದ್ದರು. ಆದ್ದರಿಂದ ತೆಲುಗಿನ ರೂಪ ತಪ್ಪಲ್ಲ. ಆದರೆ ಇಂದು ರಾಜ್ಯದ ಅಧಿಕೃತ ಕನ್ನಡ ರೂಪ 'ಕರ್ನಾಟಕ'.

ಈ ಹೆಸರು ನಾಡಿಗಷ್ಟೇ ಅಲ್ಲ, ನುಡಿಗೂ ಸಲ್ಲುತ್ತಿತ್ತು. ಭಟ್ಟಾಕಳಂಕನು 1604ರಲ್ಲಿ ರಚಿಸಿದ ಕನ್ನಡ ವ್ಯಾಕರಣದ ಹೆಸರು 'ಕರ್ಣಾಟಕ ಶಬ್ದಾನುಶಾಸನ'. ತೆಲುಗಿನ ಮಹಾಕವಿ ಶ್ರೀನಾಥನು ತನ್ನ ಕವಿತೆಯ ಭಾಷೆಯನ್ನು 'ಕರ್ಣಾಟ ಭಾಷೆ' ಎಂದು ಕರೆದುಕೊಂಡದ್ದು ತೆಲುಗು ಪಂಡಿತರಲ್ಲಿ ಇಂದಿಗೂ ಚರ್ಚೆಯ ವಿಷಯ. ಮುಂದೆ ವಿಜಯನಗರದ ಅರಸರ ಆಳ್ವಿಕೆ ಆಗ್ನೇಯಕ್ಕೆ ಸರಿದಂತೆ ಹೆಸರೂ ಅವರೊಂದಿಗೆ ಸರಿಯಿತು. ಆರ್ಕಾಟಿನ ಸೀಮೆ 'ಕರ್ನಾಟಿಕ್' ಆಯಿತು. ಹದಿನೆಂಟನೆಯ ಶತಮಾನದ ಕರ್ನಾಟಿಕ್ ಯುದ್ಧಗಳು ಬಹುಪಾಲು ನಡೆದದ್ದು ತಮಿಳು ನೆಲದಲ್ಲಿ. ಹೆಸರು ಅಲ್ಲಿ, ಕನ್ನಡಿಗರು ಇಲ್ಲಿ!

ಅದನ್ನು ಮರಳಿ ತಂದವರು ಏಕೀಕರಣದ ಹಿರಿಯರು. ಧಾರವಾಡದಲ್ಲಿ 1890ರಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಹೊರಬಂದಿತು. ಆ ಕಾಲಕ್ಕೆ ಕನ್ನಡಿಗರು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದ್, ಕೊಡಗು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರೆಲ್ಲರಿಗೂ ಸಲ್ಲುವ ಹೆಸರು ಇದೊಂದೇ ಆಗಿತ್ತು. 'ಮೈಸೂರು' ಎಂಬುದು ಒಡೆಯರ ಪ್ರಜೆಗಳಿಗೆ ಪ್ರಿಯವಾದುದು ಸಹಜ. ಕಲಬುರಗಿ, ಬೀದರಿನವರಿಗೆ ಅದು ಪರರ ಮನೆಯ ಹೆಸರಿನಂತಿತ್ತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1972ರ ಜುಲೈನಲ್ಲಿ, ವಿಧಾನಸಭೆ ನಾಮಕರಣದ ನಿರ್ಣಯವನ್ನು ಅಂಗೀಕರಿಸಿತು. ಸ್ವತಃ ಮೈಸೂರು ಸೀಮೆಯವರಾದ ಅವರ ಕಾಲದಲ್ಲಿಯೇ ಇದು ನಡೆದದ್ದು ಗಮನಾರ್ಹ.

ಹೈದರಾಬಾದಿನ ನಮಗೆ ಈ ಇತಿಹಾಸ ದೂರದ್ದಲ್ಲ. ಕಾವೇರಿಯಿಂದ ಗೋದಾವರಿಯವರೆಗಿನದು ಕನ್ನಡ ನಾಡು ಎಂದು ಹೇಳಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಆತನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ನಿಲ್ದಾಣ ಸಿಗುತ್ತದೆ. ಕಾಚಿಗುಡದ ನಮ್ಮ ಕನ್ನಡ ಶಾಲೆಗೆ ಇರುವುದೂ ಆ ದೊರೆಯ ಹೆಸರೇ. ಆ ಮಳಖೇಡ 1956ರವರೆಗೂ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು.

ಅದರ ಗುರುತಾಗಿ ಉಳಿದಿದ್ದ 'ಹೈದರಾಬಾದ್ ಕರ್ನಾಟಕ' ಎಂಬ ಹೆಸರನ್ನು 2019ರ ಸೆಪ್ಟೆಂಬರ್ 17ರಂದು 'ಕಲ್ಯಾಣ ಕರ್ನಾಟಕ' ಎಂದು ಬದಲಿಸಲಾಯಿತು. ಬಸವಣ್ಣನವರ ಕಲ್ಯಾಣ ಅಲ್ಲಿಯೇ ಇರುವಾಗ ಇದು ಯೋಗ್ಯವಾದ ಹೆಸರೇ. ಆದರೆ ಆ ಪ್ರದೇಶಕ್ಕೆ ವಿಶೇಷ ಸ್ಥಾನ ನೀಡಲು ಸಂವಿಧಾನಕ್ಕೆ 371 ಜೆ ವಿಧಿಯನ್ನು ಸೇರಿಸಿದಾಗ ಅದರ ಪಠ್ಯದಲ್ಲಿ ಬರೆದದ್ದು ಹೈದರಾಬಾದ್-ಕರ್ನಾಟಕ ಪ್ರದೇಶವೆಂದು. ನಮ್ಮ ಮನೆಗಳ ಹಿರಿಯರು ಇಂದಿಗೂ ಊರಿನ ಕಡೆಯನ್ನು ಆ ಹಳೆಯ ಹೆಸರಿನಿಂದಲೇ ಹೇಳುತ್ತಾರೆ.