ಕೊನೇ ಬೆಂಚಿನ ಮಕ್ಕಳು ಮತ್ತು ಗಮನದ ಚರಿತ್ರೆ

ಶಾಲೆಯೊಂದರ ಐವತ್ತು ವರ್ಷಗಳ ಚರಿತ್ರೆ ಬರೆಯುವಾಗ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರು, ಕಟ್ಟಡಕ್ಕೆ ನೆರವಾದ ದಾನಿಗಳು ಮೊದಲು ನೆನಪಿಗೆ ಬರುವುದು ಸಹಜ. ಆದರೆ ಯಾವ ಊರಿನ ಶಾಲೆಯಾದರೂ ಅಲ್ಲಿ ನಡುವೆಯೇ ಓದು ಬಿಟ್ಟ ಮಕ್ಕಳೂ ಇರುತ್ತಾರೆ. ಕೆಲವರು ಬಡತನದಿಂದ ಬಿಟ್ಟರು, ಕೆಲವರು ಗದ್ದೆ ಕೆಲಸಕ್ಕಾಗಿ ಬಿಟ್ಟರು. ಇನ್ನು ಕೆಲವರು ‘ಕೂತ ಕಡೆ ಕೂರಲ್ಲ’, ‘ತಲೆ ಇದೆ, ಗಮನ ಇಲ್ಲ’ ಎನ್ನಿಸಿಕೊಂಡು ಬೇಸತ್ತು ಬಿಟ್ಟರು. ಈ ಕೊನೆಯ ಗುಂಪಿನ ಕೆಲವರಿಗಿದ್ದ ತೊಂದರೆಯನ್ನು ಇಂದಿನ ವೈದ್ಯರು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ, ಎಂದು ಗುರುತಿಸುತ್ತಾರೆ.

ಹೆಸರು ಹೊಸದು, ವಿಷಯ ಹಳೆಯದು. 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ಒಂದೇ ವಿಷಯದ ಮೇಲೆ ಗಮನ ನಿಲ್ಲಿಸಲಾಗದ ಸ್ಥಿತಿ ಕೆಲವರಿಗೆ ಹುಟ್ಟಿನಿಂದಲೇ ಇರಬಹುದು ಎಂದು ಬರೆದಿದ್ದರು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದರು. ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನು ತಡೆದುಕೊಳ್ಳಲಾಗದ ಮಕ್ಕಳನ್ನು ಅವರು ಗುರುತಿಸಿದರು. ಆದರೆ ಅದನ್ನು ನೈತಿಕ ಹತೋಟಿಯ ಕೊರತೆ ಎಂದು ಕರೆದರು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ ಒಂದು ಉತ್ತೇಜಕ ಔಷಧ ಕೊಟ್ಟಾಗ ಹಲವು ಮಕ್ಕಳ ಶಾಲಾ ಕೆಲಸ ಸುಧಾರಿಸಿದ್ದನ್ನು ಕಂಡರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ‘ಗಮನದ ಕೊರತೆ’ಯನ್ನೇ ಮುಖ್ಯವಾಗಿಸಿತು, 1987ರಲ್ಲಿ ಈಗಿನ ಹೆಸರು ಬಂತು. ಶೀಲದ ದೋಷವೆಂದು ಎಣಿಸಿದ್ದನ್ನು ಮಿದುಳಿನ ಬೆಳವಣಿಗೆಯ ವ್ಯತ್ಯಾಸವೆಂದು ಅರಿಯಲು ಜಗತ್ತಿಗೆ ಇಷ್ಟು ಕಾಲ ಬೇಕಾಯಿತು.

ನಮ್ಮ ನಾಡಿನಲ್ಲಿ ಮನಸ್ಸಿನ ಅಧ್ಯಯನ ಬೆಳೆದದ್ದು ನಿಡಘಟ್ಟದ ಮೇಲೆ ಹಾದುಹೋಗುವ ಹೆದ್ದಾರಿಯ ಎರಡು ತುದಿಗಳಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ‘ಆಕಾಶವಾಣಿ’ ಬಾನುಲಿಯನ್ನೂ ಆರಂಭಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಇಂದು ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಎರಡೂ ಊರುಗಳಿಗೆ ನಮ್ಮೂರಿನಿಂದ ಬಸ್ಸು ಹೋಗುತ್ತಿದ್ದರೂ ಅಲ್ಲಿನ ತಿಳಿವಳಿಕೆ ಹಳ್ಳಿಯ ತರಗತಿಯನ್ನು ಮುಟ್ಟಲು ಬಹಳ ತಡವಾಯಿತು.

ಹಾಗಾದರೆ ಈ ಮಕ್ಕಳಲ್ಲಿ ಗಮನವೇ ಇಲ್ಲವೇ? ಇದೆ. ನಾಲೆಯ ನೀರು ಬಲ್ಲ ನಮಗೆ ಇದು ಬೇಗ ಅರ್ಥವಾಗುತ್ತದೆ. ನಾಲೆ ತುಂಬಿದ್ದರೂ ಯಾವ ಗದ್ದೆಗೆ ಯಾವಾಗ ಎಷ್ಟು ಎಂದು ತೂಬು ತಿರುಗಿಸುವ ನೀರುಗಂಟಿ ಬೇಕು. ಮಿದುಳಿನ ಮುಂಭಾಗ ಮಾಡುವುದು ಆ ಕೆಲಸವನ್ನೇ: ಬೇಡದ್ದನ್ನು ತಡೆಯುವುದು, ಹೇಳಿದ್ದನ್ನು ನೆನಪಿನಲ್ಲಿ ಹಿಡಿದಿಡುವುದು, ಆತುರವನ್ನು ತಾಳಿಕೊಳ್ಳುವುದು. ಎಡಿಎಚ್‌ಡಿ ಇರುವವರಲ್ಲಿ ಈ ಹತೋಟಿ ಸಡಿಲ. ಡೋಪಮಿನ್ ಮುಂತಾದ ರಾಸಾಯನಿಕಗಳ ಕೆಲಸದಲ್ಲಿನ ವ್ಯತ್ಯಾಸವೂ ಇದಕ್ಕೆ ಒಂದು ಕಾರಣ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ಇಂಥ ಮಕ್ಕಳ ಮಿದುಳಿನ ಹೊರಪದರ ಸರಾಸರಿ ಮೂರು ವರ್ಷ ತಡವಾಗಿ ಬಲಿಯುತ್ತದೆ ಎಂದು ತೋರಿಸಿತು.

ಆದ್ದರಿಂದಲೇ ಐದು ಲೆಕ್ಕ ಮುಗಿಸಲಾಗದ ಹುಡುಗ ಆಲೆಮನೆಯ ಕೊಪ್ಪರಿಗೆಯ ಮುಂದೆ ಪಾಕದ ಹದ ನೋಡುತ್ತ ಗಂಟೆಗಟ್ಟಲೆ ನಿಲ್ಲಬಲ್ಲ. ಅಲ್ಲಿ ಕೆಲಸದ ಫಲ ಆಗಲೇ ಕಣ್ಣಿಗೆ ಕಾಣುತ್ತದೆ. ವಾರ್ಷಿಕ ಪರೀಕ್ಷೆಯ ಫಲ ತಿಂಗಳುಗಳಾಚೆ ಇದೆ. ‘ಬೇಕಾದ್ದಕ್ಕೆ ಗಮನ ಇದೆ, ಓದಿಗೆ ಮಾತ್ರ ಇಲ್ಲ’ ಎಂಬ ಬೈಗುಳ ಹುಟ್ಟುವುದು ಇಲ್ಲೇ. ಸೋಮಾರಿತನ ಎಂದು ತೋರುವುದು ಈ ತೊಂದರೆಯ ಲಕ್ಷಣವೇ ಆಗಿರಬಹುದು. ಹೆಣ್ಣುಮಕ್ಕಳಲ್ಲಿ ಇದು ಹಲವೊಮ್ಮೆ ಗದ್ದಲವಿಲ್ಲದೆ, ಬರೀ ಮೈಮರೆವಿನಂತೆ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು 5 ಮಂದಿಗೆ ಇದು ಇದೆ ಎಂದು ಅಂದಾಜು. ಆ ಲೆಕ್ಕದಲ್ಲಿ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಇರಬಹುದು. ಅಂಥ ಎಷ್ಟು ಮಕ್ಕಳು ಬೆತ್ತದ ಏಟು ತಿಂದು ‘ನಾನು ದಡ್ಡ’ ಎಂದು ನಂಬಿ ಹೊರಟರೋ! 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮೇಲೆ ಕೈಗೆತ್ತಿಕೊಳ್ಳಬೇಕಾದ ಕೆಲಸಗಳು ಸರಳವಾಗಿವೆ: ಮಗುವನ್ನು ಮುಂದಿನ ಬೆಂಚಿಗೆ ಕರೆಯುವುದು, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು, ಪಾಠವನ್ನು ತುಂಡು ಮಾಡುವುದು, ಸೀಮೆಸುಣ್ಣ ತರುವ ನೆಪದಲ್ಲಾದರೂ ಓಡಾಡಲು ಬಿಡುವುದು, ಮಾಡಿದ್ದನ್ನು ಆಗಲೇ ಮೆಚ್ಚುವುದು. ಹಾಗೆಂದು ಪ್ರತಿ ಚುರುಕು ಮಗುವಿಗೂ ಈ ಹೆಸರು ಅಂಟಿಸಬಾರದು. ಮನೆಯಲ್ಲೂ ಶಾಲೆಯಲ್ಲೂ ಬಹುಕಾಲ ತೊಂದರೆ ಕಂಡರೆ ವೈದ್ಯರೇ ನಿರ್ಧರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಚಿನ್ನದ ಹಬ್ಬದ ನೆಪದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಒಂದೆಡೆ ಸೇರುವಾಗ, ನಡುವೆ ಓದು ಬಿಟ್ಟು ಲಾರಿ ಹತ್ತಿದವರನ್ನೂ ಗ್ಯಾರೇಜು ಸೇರಿದವರನ್ನೂ ವ್ಯವಸಾಯಕ್ಕೆ ನಿಂತವರನ್ನೂ ಕರೆಯೋಣ. ಅವರೂ ಈ ಶಾಲೆಯ ಮಕ್ಕಳೇ. ಮುಂದಿನ ಐವತ್ತು ವರ್ಷಗಳಲ್ಲಿ ಗಮನ ನಿಲ್ಲದ ಕಾರಣಕ್ಕೆ ಒಂದು ಮಗುವೂ ಶಾಲೆಯ ಗೇಟು ದಾಟಿ ಹೋಗದಿರಲಿ.