ಘಟ್ಟದ ಎಂಜಿನ್ ಬರೆದಿಟ್ಟದ್ದು

ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ 26 ಕಿ.ಮೀ. ಹಳಿ. ಅದರ ಬಹುಭಾಗ 37 ಅಡಿಗೆ ಒಂದು ಅಡಿ ಏರು. ಮುರಗಾಂವ್ ಬಂದರಿನಿಂದ ಹೊರಟ ಪೋರ್ಚುಗೀಸರ ಮೀಟರ್‌ಗೇಜ್ 1888ರ ಹೊತ್ತಿಗೆ ಈ ಘಟ್ಟ ಹತ್ತಿತು. ಸದರ್ನ್ ಮರಾಠಾ ರೈಲ್ವೆ ಅದನ್ನು ಕೂಡಿಕೊಂಡದ್ದು ನಮ್ಮೂರು ಕ್ಯಾಸಲ್‌ರಾಕ್‌ನಲ್ಲಿ. ಗೋವೆ 1961ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗುವವರೆಗೂ ಇದು ಗಡಿಯ ಸ್ಟೇಷನ್. ಗಡಿ ಹೋಯಿತು, ಏರು ಉಳಿಯಿತು. ಗಾಡಿಯ ಹಿಂದೆ ಬ್ಯಾಂಕರ್ ಎಂಜಿನ್ ಹಚ್ಚಿ ನೂಕುವುದೂ ಉಳಿಯಿತು.

ಅಂಥ ಎಂಜಿನ್ನುಗಳ ಡೀಸೆಲ್ ಶೆಡ್ಡಿನಲ್ಲಿ ಫಿಟರ್ ಆಗಿ ದುಡಿದವನು ನಾನು. ಎಂಜಿನ್ ಏನು ಮಾಡಿತೆಂದು ಬರೆದಿಡುವ ಕೆಲಸ ಒಂದು, ಎಂಜಿನ್ನಿಗೆ ಕೈ ಹಾಕಿ ಹದ ಮಾಡುವ ಕೆಲಸ ಇನ್ನೊಂದು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಹೋಗಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಉಗಿ ಎಂಜಿನ್ನಿನ ಕಾಲಕ್ಕೆ ಬರಹವೆಂದರೆ ಗಾರ್ಡಿನ ಜರ್ನಲ್. ಯಾವ ಸ್ಟೇಷನ್ನಿಗೆ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು, ಇಷ್ಟೇ. ಉಳಿದದ್ದು ಡ್ರೈವರನ ಕಿವಿಯಲ್ಲಿ. ಡೀಸೆಲ್ ಬಂದ ಮೇಲೆ ಥ್ರಾಟಲಿಗೆ ನಾಚ್ ಎಂಬ ಎಂಟು ಮೆಟ್ಟಿಲು, ಇಂಧನ ಹಿಡಿತದಲ್ಲಿಡಲು ಗವರ್ನರ್, ವೇಗ ಬರೆಯಲು ರೆಕಾರ್ಡರ್. ಅದರ ಚಾರ್ಟನ್ನು ಲೋಕೋ ಇನ್‌ಸ್ಪೆಕ್ಟರ್ ಓದುತ್ತಿದ್ದರು. ಗವರ್ನರ್ ಮುಟ್ಟುವ ಹಕ್ಕು ಶೆಡ್ಡಿನದು. ಅಲ್ಲಿ ಎಂಜಿನ್ನನ್ನು ಲೋಡ್ ಬಾಕ್ಸಿಗೆ ಕಟ್ಟಿ, ಅದು ಹುಟ್ಟಿಸಿದ ಕರೆಂಟನ್ನೆಲ್ಲ ಶಾಖವಾಗಿ ಹೊರಹಾಕುತ್ತ, ಹಾರ್ಸ್‌ಪವರ್ ಅಳೆದು ಹದ ಮಾಡುತ್ತಿದ್ದೆವು.

ಈ ಎರಡು ಕೆಲಸ ಬೇರೆ ಯಾಕೆಂದು ಮಳೆಗಾಲದ ಘಟ್ಟ ಕಲಿಸುತ್ತದೆ. 'ಎಂಜಿನ್ ಎಳೆಯುತ್ತಿಲ್ಲ' ಎಂದು ಡ್ರೈವರನ ಬುಕ್ಕಿನಲ್ಲಿ ಬರೆದು ಬರುತ್ತದೆ. ಇಂಧನ ಸಾಲದೆ ಇರಬಹುದು. ಇಲ್ಲವೆ ಒದ್ದೆ ಹಳಿಯ ಮೇಲೆ ಗಾಲಿ ಜಾರಿರಬಹುದು. ಜಾರಿದ ಗಾಲಿಗೆ ಬೇಕಾದದ್ದು ಮರಳು. ಇಂಧನ ಹೆಚ್ಚಿಸಿದರೆ ಅದು ಇನ್ನೂ ಜಾರುತ್ತದೆ. ಯಾವ ನಾಚಿನಲ್ಲಿ, ಎಷ್ಟು ವೇಗದಲ್ಲಿ, ಕರೆಂಟ್ ಹೇಗೆ ಏರಿಳಿಯಿತು ಎಂಬುದು ಗೊತ್ತಿಲ್ಲದೆ ಪಾನಾ ಹಿಡಿಯುವುದು ನಾಡಿ ನೋಡದೆ ಮದ್ದು ಕೊಟ್ಟ ಹಾಗೆ.

1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. 1999ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಿಂದ 4000 ಹಾರ್ಸ್‌ಪವರಿನ ಡಬ್ಲ್ಯುಡಿಜಿ-4 ದೇಶಕ್ಕೆ ಬಂತು. ಅದರ ಮೊದಲ ಮನೆ ಹುಬ್ಬಳ್ಳಿ ಶೆಡ್. ಅದರೊಳಗೆ ಕಂಪ್ಯೂಟರ್. ಎಂಜಿನ್ನಿನ ತಳದ ರಾಡಾರ್ ನೆಲದ ಮೇಲಿನ ನಿಜ ವೇಗ ಅಳೆಯುತ್ತದೆ. ಗಾಲಿ ಅದಕ್ಕಿಂತ ಎಷ್ಟು ಹೆಚ್ಚು ತಿರುಗಿತೆಂದು ನೋಡಿ ಕಂಪ್ಯೂಟರ್ ತಕ್ಷಣ ಬಲ ಹೊಂದಿಸುತ್ತದೆ, ತಪ್ಪು ಕಂಡರೆ ನೆನಪಿನಲ್ಲಿಡುತ್ತದೆ. ಆ ನೆನಪನ್ನು ನಾವು ಎಷ್ಟು ಸಲ ಬೇಕಾದರೂ ಓದಬಹುದಿತ್ತು. ಓದಿದ್ದರಿಂದ ಎಂಜಿನ್ನಿನ ಒಂದು ಹನಿ ಇಂಧನವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಬರೆದಿಡುವುದು ಬೇರೆ, ಹದ ಮಾಡುವುದು ಬೇರೆ ಎಂಬ ಇದೇ ಮಾತು ಈಗ ಕಾರಿಗೂ ಬಂದಿದೆ. ಸ್ಟೀರಿಂಗ್ ಕೆಳಗೆ ತಪಾಸಣೆಗೆಂದೇ ಇರುವ ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ ಓಡುವಾಗಿನ ಅಂಕಿಗಳನ್ನು ಹಿಡಿಯುವುದು ಲಾಗಿಂಗ್. ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು, ಅದರೊಳಗಿನ ಇಂಧನದ ಲೆಕ್ಕವನ್ನೇ ತಿದ್ದಿ ಬರೆಯುವುದು ಟ್ಯೂನಿಂಗ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಕಟ್ಟುಪಾಡೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ. ಹಾಗಿದ್ದೂ ಹುಡುಗರು ಮೊದಲು ಕೇಳುವುದು ಟ್ಯೂನಿಂಗನ್ನೇ.

ನಮ್ಮ ಘಟ್ಟದ ಕಡೆಯ ರಾಮನಗರದಲ್ಲಿ ಗ್ಯಾರೇಜ್ ಇಟ್ಟ ನನ್ನ ಅಳಿಯನ ಹತ್ತಿರ ಒಂದು ಪಿಕಪ್ ಬಂತು. ಮೊಲೆಂನಿಂದ ಅನಮೋಡ ಘಟ್ಟ ಹತ್ತುವಾಗ ದಮ್ಮಿಲ್ಲ, ಪವರ್ ಏರಿಸಿ ಕೊಡು ಎಂದ ಮಾಲೀಕ. 'ಮಾಮಾ, ಏನು ಮಾಡಲಿ?' ಎಂದು ಫೋನಿನಲ್ಲಿ ಕೇಳಿದ. ಹೊರೆ ಇಳಿಸಬೇಡ, ಅದೇ ಏರಿನಲ್ಲಿ ಓಡಿಸಿ ಬರೆದುಕೋ ಅಂದೆ. ಇಂಧನದ ಒತ್ತಡ ಸರಿಯಿತ್ತು. ಟರ್ಬೋ ಗಾಳಿಯ ಒತ್ತಡ ಏರಿನಲ್ಲಿ ಕುಸಿಯುತ್ತಿತ್ತು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಬಿರಿದಿತ್ತು. ಅದನ್ನು ಬದಲಿಸಿ ಮತ್ತೆ ಅದೇ ಹೊರೆಯಲ್ಲಿ ಘಟ್ಟ ಹತ್ತಿಸಿದ. ಇಸಿಯು ಮುಟ್ಟುವ ಪ್ರಸಂಗವೇ ಬರಲಿಲ್ಲ.