ಎರಡು ಬಾರು

ಕನ್ನಡದಲ್ಲಿ ಬಾರು ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಚರ್ಮದ ಪಟ್ಟಿ. ಚಪ್ಪಲಿಯ ಬಾರು, ಬಾರುಕೋಲು ಎನ್ನುವಾಗ ಇರುವುದು ಇದು. ಇನ್ನೊಂದು, ಕೋವಿಗೆ ತುಂಬುವ ಮದ್ದುಗುಂಡು. ‘ಕೋವಿಗೆ ಬಾರು ಮಾಡು’ ಎಂದರೆ ಅದು. ಮೊದಲನೆಯದು ತಮಿಳಿನ ‘ವಾರ್’ ಜೊತೆ ಹುಟ್ಟಿದ ದ್ರಾವಿಡ ಪದ. ಎರಡನೆಯದು ಹೊರೆ ಎಂಬ ಅರ್ಥದ ಪಾರಸಿಯ ‘ಬಾರ್’. ಹುಟ್ಟಿದ ಮನೆ ಬೇರೆ ಬೇರೆಯಾದರೂ ಬೇಟೆಗಾರನ ಸೊಂಟದಲ್ಲಿ ಎರಡೂ ಕೂಡಿ ಬಾಳಿದವು.

ಇದನ್ನು ಬರೆಯಲು ಕಾರಣ ನಮ್ಮ ಮನೆಯಲ್ಲಿರುವ ಒಂದು ಹಳೆಯ ಪಟ್ಟಿ. ನಮ್ಮ ನಾನಾ, ಅಂದರೆ ತಾಯಿಯ ತಂದೆ, ಘಟ್ಟದ ಬುಡದಲ್ಲಿ ಸಣ್ಣದೊಂದು ಅಡಿಕೆ ತೋಟ ಮಾಡಿಕೊಂಡಿದ್ದರು. ಹಂದಿಗಳ ಕಾಟಕ್ಕೆ ಲೈಸನ್ಸಿನ ತೋಟಾ ಕೋವಿ ಇಟ್ಟಿದ್ದರು. ಅವರು ತೀರಿಹೋದ ಮೇಲೆ ಕೋವಿಯನ್ನು ಸರಕಾರಕ್ಕೆ ಒಪ್ಪಿಸಿದ್ದಾಯಿತು. ತೋಟಾ ಪಟ್ಟಿ ಮಾತ್ರ ಮಂಗಳೂರಿನ ನಮ್ಮ ಮನೆಗೆ ಬಂತು. ಅದರಲ್ಲಿ 24 ಕುಣಿಕೆಗಳಿವೆ. ಪ್ರತಿ ಜೂನ್‌ನಲ್ಲಿ ಬೂಸ್ಟು ಹಿಡಿಯುತ್ತದೆ. ಒರೆಸಿ, ಎಣ್ಣೆ ತೀಡಿ ಮತ್ತೆ ತೂಗಹಾಕುತ್ತೇವೆ.

ಬಂದರಿನ ಉರ್ದು ಶಾಲೆಯಲ್ಲಿ ನಾವು ‘ತೋಶಾ’ ಎಂಬ ಪದ ಕಲಿತಿದ್ದೆವು. ಪ್ರಯಾಣಿಕನ ಬುತ್ತಿ ಎಂದರ್ಥ. ಮೌಲವಿ ಸಾಹೇಬರು ಪರಲೋಕದ ಬುತ್ತಿಯ ಬಗ್ಗೆ ಹೇಳುವಾಗಲೂ ಅದೇ ಪದ ಬಳಸುತ್ತಿದ್ದರು. ಆ ಬುತ್ತಿಯ ಚೀಲ ‘ತೋಶದಾನ್’. ಸಿಪಾಯಿಗಳ ಬಾಯಲ್ಲಿ ಅದು ತೋಸ್ದಾನ್ ಆಗಿ, ತೋಟಾ ಇಡುವ ಚರ್ಮದ ಪೆಟ್ಟಿಗೆಗೆ ಹೆಸರಾಯಿತು. ಹೊಟ್ಟೆಯ ಚೀಲ ಹೀಗೆ ಕೋವಿಯ ಚೀಲವಾದದ್ದನ್ನು ತಿಳಿದಾಗ ನಮಗೆ ಯಾಕೋ ಕಸಿವಿಸಿಯಾಯಿತು.

ಮಂಗಳೂರಿಗೆ ಆ ಪೆಟ್ಟಿಗೆ ಚೆನ್ನಾಗಿ ಪರಿಚಿತ. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಇಲ್ಲಿನ ಕೋಟೆಗೆ ಟಿಪ್ಪುವಿನ ದಂಡು ಮುತ್ತಿಗೆ ಹಾಕಿತ್ತು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಹಸಿವು, ರೋಗಗಳಿಂದ ಸೋತು ಕೋಟೆ ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಈ ಮುತ್ತಿಗೆಯ ನಡುವೆ ಒಂದು ಇಡೀ ಮಳೆಗಾಲ ಕಳೆಯಿತು ಎಂಬುದನ್ನು ಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆ ಕಾಲದ ತೋಟಾ ಎಂದರೆ ಕಾಗದದಲ್ಲಿ ಸುತ್ತಿದ ಮದ್ದು ಮತ್ತು ಗುಂಡು. ಕಾಗದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಅದು ಒದ್ದೆಯಾಗದೆ ಉಳಿಯಬೇಕಾದರೆ ಅಗಲವಾದ ಮುಚ್ಚಳದ ಚರ್ಮದ ಪೆಟ್ಟಿಗೆಯೇ ಗತಿ. ಸುಲ್ತಾನ್ ಬತ್ತೇರಿಯ ಕಲ್ಲು ನೋಡಲು ಜನ ಬರುತ್ತಾರೆ. ಆ ಮಳೆಯಲ್ಲಿ ಮದ್ದು ಕಾದ ಚರ್ಮವನ್ನು ಎಲ್ಲಿ ನೋಡುವುದು?

ಚರ್ಮ ಉಳಿಯುವುದಿಲ್ಲ. 2018ರಲ್ಲಿ ಹೊಸನಗರದ ಹತ್ತಿರ ನಗರದಲ್ಲಿ ಬತ್ತಿದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಮೈಸೂರಿನ ರಾಕೆಟ್ಟುಗಳಲ್ಲಿ ಕೊಳವೆಯನ್ನು ಬಿದಿರಿಗೆ ಬಿಗಿಯುತ್ತಿದ್ದದ್ದು ಚರ್ಮದ ಬಾರುಗಳಿಂದ. ಕೆಸರಿನಲ್ಲಿ ಇನ್ನೂರು ವರ್ಷ ಕಬ್ಬಿಣ ಉಳಿಯಬಹುದು, ಬಾರು ಉಳಿಯುವುದುಂಟೆ? ಕಮ್ಮಾರನ ಕೆಲಸಕ್ಕೆ ಸಾಕ್ಷಿ ದೊರಕಿತು. ಸಮಗಾರನ ಕೆಲಸಕ್ಕೆ ದೊರಕಲಿಲ್ಲ.

ಯುದ್ಧದ ಕೋವಿ ಬೇಟೆಗೆ ಇಳಿದ ಮೇಲೆ ಚರ್ಮದ ಕೆಲಸವೂ ಬದಲಾಯಿತು. ಕೇಪಿನ ಕೋವಿಯ ಕಾಲದಲ್ಲಿ ಮದ್ದಿಗೊಂದು ಕೊಂಬು, ಚರೆಗೊಂದು ಚೀಲ, ಕೇಪಿಗೊಂದು ಪುಟ್ಟ ಸಂಚಿ ಬೇಕಿತ್ತು. ತೋಟಾ ಕೋವಿ ಬಂದಾಗ ಮೂರೂ ಒಂದೇ ಪಟ್ಟಿಯಲ್ಲಿ ಅಡಕವಾದವು. ಕೋವಿಯ ಕಾನೂನು ಮಾತ್ರ ಘಟ್ಟದ ಎರಡು ಬದಿಗೆ ಎರಡು ಬಗೆಯಾಗಿತ್ತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೆಳಗಿನ ಪುತ್ತೂರು, ಸುಳ್ಯದ ಕಡೆಯವರಿಗೆ ಲೈಸನ್ಸು ಬೇಕೇ ಬೇಕು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಯ್ದು ಒಪ್ಪಿಸಬೇಕು. ಚುನಾವಣೆ ಇದೆಯೆಂದು ಹಂದಿಗಳು ತೋಟಕ್ಕೆ ಬರುವುದನ್ನು ಬಿಡುತ್ತವೆಯೇ?

ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ನಮ್ಮ ಜಿಲ್ಲೆಯ ಕಾಡನ್ನೂ ಬೇಟೆಗಾರರನ್ನೂ ಅಕ್ಷರಕ್ಕೆ ತಂದಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ತನ್ನ .405 ವಿಂಚೆಸ್ಟರ್ ರೈಫಲ್ಲನ್ನು ಓದುಗರಿಗೆಲ್ಲ ಪರಿಚಯಿಸಿದ. ಬೇಟೆಗಾರನಿಗೆ ಹೆಸರಿದೆ, ಕೋವಿಗೆ ಹೆಸರಿದೆ, ಸತ್ತ ಹುಲಿಗೂ ಹೆಸರಿದೆ. ತೋಟಾ ಪಟ್ಟಿ ಹೊಲಿದವನಿಗೆ?

ನಾನಿ ಹೇಳುತ್ತಿದ್ದ ಪ್ರಕಾರ ನಮ್ಮ ಪಟ್ಟಿಯನ್ನು ಹೊಲಿದವನು ಮೂರು ದಿನ ಅಂಗಳದ ಹಲಸಿನ ಮರದಡಿ ಕೂತಿದ್ದ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬನ ರೈಫಲ್ ಪಟ್ಟಿ ರಿಪೇರಿಗೆ ಬಂದಾಗ ಬಿಚ್ಚಿ ನೋಡಿ ಕಲಿತದ್ದಂತೆ. ರೈಫಲ್ಲಿನ ತೋಟಾ ಬೆರಳಿನಷ್ಟು ಸಪೂರ. ಹತ್ತು ಇದ್ದರೆ ಬೇಟೆಗೆ ಸಾಕು. ಆದರೆ ಅದರ ಸೀಸದ ಮೂತಿ ಮೆತ್ತಗೆ, ತಾಗಿದರೆ ಚಪ್ಪಟೆಯಾಗುತ್ತದೆ. ಆದ್ದರಿಂದ ಮೂತಿ ಕೆಳಗೆ, ಅಂಚು ಮೇಲೆ ಇರುವಂತೆ ಒಂದೊಂದಕ್ಕೂ ಬೇರೆ ಗೂಡು ಬೇಕು, ಮೇಲೊಂದು ಮುಚ್ಚಳವೂ ಬೇಕು. ಬೇರೆ ಬೇರೆ ಇಡದಿದ್ದರೆ ನಡೆಯುವಾಗ ಹಿತ್ತಾಳೆಗೆ ಹಿತ್ತಾಳೆ ತಾಗಿ ಕಿಣಿಕಿಣಿ ಎನ್ನುತ್ತದೆ. ಆ ಸದ್ದಿಗೆ ಕಡವೆ ಮೈಲಿಯಾಚೆ ಓಡುತ್ತದೆ.

ನಾನಾರ ಕೋವಿಗೆ ಅವನು ಹೆಬ್ಬೆರಳಿಗಿಂತ ದಪ್ಪದ ಮರದ ಗೂಟ ಕೆತ್ತಿಕೊಂಡ, ತೋಟಾದ ಅಳತೆಗೆ. ರಂಪಿಗೆಯಿಂದ ಒಂದೇ ಉದ್ದ ಪಟ್ಟಿ ಕೊಯ್ದು, ನೀರಲ್ಲಿ ನೆನೆಸಿ, ಗೂಟದ ಸುತ್ತ ಬಿಗಿದು, ಎರಡೂ ಪಕ್ಕ ಮೇಣದ ನೂಲಿನಿಂದ ಎರಡು ಸೂಜಿಯ ಹೊಲಿಗೆ ಹಾಕಿದ. ಒಂದು ಕಡೆ ನೂಲು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಹೊಸದರಲ್ಲಿ ಕುಣಿಕೆ ತುಂಬ ಬಿಗಿಯೆಂದು ನಾನಾ ಬೈದರಂತೆ. ‘ಒಂದು ಮಳೆಗಾಲ ಕಳೆಯಲಿ’ ಎಂದನಂತೆ ಅವನು. ಎಡಕ್ಕೆ ಚರೆಯ ತೋಟಾ, ಬಲಕ್ಕೆ ಗುಂಡಿನದು. ಕತ್ತಲಲ್ಲಿ ಕಣ್ಣಿಗಿಂತ ಕೈಗೆ ಗೊತ್ತಿರಬೇಕು. ಬಲತುದಿಯಲ್ಲಿ ಒಂದು ಕತ್ತಿಯ ಒರೆಯನ್ನು ನಾನಾ ಕೇಳಿ ಹಾಕಿಸಿಕೊಂಡಿದ್ದರು. ಬಿಸ್ಮಿಲ್ಲಾ ಎಂದು ಹೊಡೆದರೂ, ಜೀವ ಹೋಗುವ ಮೊದಲು ಕತ್ತಿ ಮುಟ್ಟದಿದ್ದರೆ ಮೊಲ ಮನೆಗೆ ಬರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಒರೆಗೆ ಕೆಲಸವಿಲ್ಲದಾಯಿತು. ಅದು ಒಳ್ಳೆಯದೇ ಆಯಿತೆಂದು ನಾವು ಹೇಳಿದರೆ ನಾನಾ ಸುಮ್ಮನಿರುತ್ತಿದ್ದರು.

ಅವನು ಹೇಳಿಹೋದ ಒಂದು ಮಾತನ್ನು ನಾನಾ ಕೊನೆಯವರೆಗೆ ಪಾಲಿಸಿದರು: ಪಟ್ಟಿ ಇರುವುದು ಹೊರುವುದಕ್ಕೆ, ಇಡುವುದಕ್ಕಲ್ಲ. ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮಕ್ಕೆ ಆ ಒಗರೇ ಜೀವ, ಹಿತ್ತಾಳೆಗೆ ಅದೇ ಶತ್ರು. ತಿಂಗಳುಗಟ್ಟಲೆ ಸಿಕ್ಕಿಸಿಟ್ಟರೆ ತೋಟಾಕ್ಕೆ ಹಸಿರು ಕಿಲುಬು ಹಿಡಿದು ನಳಿಗೆಯಲ್ಲಿ ಕಚ್ಚಿಕೊಳ್ಳುತ್ತದೆ. ಅಮೆರಿಕದ ಸೇನಾಧಿಕಾರಿ ಆನ್ಸನ್ ಮಿಲ್ಸ್ 1867ರಲ್ಲಿ ಚರ್ಮದ ಕುಣಿಕೆಯ ಪಟ್ಟಿಗೆ ಪೇಟೆಂಟ್ ಪಡೆದವನು. ಇದೇ ಕಿಲುಬಿಗೆ ಬೇಸತ್ತು ಕೊನೆಗೆ ನೂಲಿನಲ್ಲೇ ಪಟ್ಟಿ ನೇಯಿಸಿದ. ಬ್ರಿಟಿಷ್ ಸೇನೆ 1903ರಲ್ಲಿ 50 ತೋಟಾ ಹಿಡಿಯುವ ಚರ್ಮದ ಪಟ್ಟಿಯನ್ನು ಕಾಲಾಳುಗಳಿಗೆ ಕೊಟ್ಟು, 1908ರ ಹೊತ್ತಿಗೆ ಅದನ್ನು ಬಿಟ್ಟು ಖಾಕಿ ನೂಲಿನ ಪಟ್ಟಿಗೆ ಬದಲಾಯಿತು. ಮಿಲ್ಸ್‌ಗೆ ಪೇಟೆಂಟೂ ಕಂಪೆನಿಯೂ ದಕ್ಕಿದವು. ನಮ್ಮ ಹಲಸಿನ ಮರದಡಿಯವನಿಗೆ ಅಕ್ಕಿ ಮತ್ತು ಒಂದಿಷ್ಟು ಹಣ ದಕ್ಕಿತು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ ಸಮಗಾರರ ಬಗ್ಗೆ ಬರೆದಿದ್ದಾನೆ. ದಕ್ಷಿಣ ಕನ್ನಡದ ಮುಖ್ಯ ಚರ್ಮ ಕೆಲಸಗಾರರು ಅವರು, ಕನ್ನಡ ಸಮಗಾರರು, ಮರಾಠಿ ಮಾತಾಡುವ ಆರ್ಯ ಸಮಗಾರರು ಎಂದು ಎರಡು ಪಂಗಡ, ಒಬ್ಬರಿಗೊಬ್ಬರು ಹೆಣ್ಣು ಕೊಡುವುದಿಲ್ಲ ಎಂದಿದೆ. ಪಂಗಡ ಎಣಿಸಿದ ಆ ಪುಸ್ತಕದಲ್ಲಿ ಮನುಷ್ಯರ ಹೆಸರು ಹುಡುಕಬಾರದು. ಆದರೆ ಬಿಳಿಯರನ್ನಷ್ಟೇ ದೂರುವ ಹಾಗಿಲ್ಲ.

ನಾನಾರಿಗೆ ತಮ್ಮ ಕೋವಿಯ ನಂಬರು ಬಾಯಿಪಾಠವಾಗಿತ್ತು. ಕಾಯಿಲೆ ಬಿದ್ದಾಗಲೂ ತಪ್ಪದೆ ಹೇಳುತ್ತಿದ್ದರು. ಪಟ್ಟಿ ಹೊಲಿದವನ ಹೆಸರೇನೆಂದು ನಾವು ಕೇಳಿದ್ದಕ್ಕೆ, ‘ಅವನೊಬ್ಬ ಮೋಚಿ’ ಎಂದರು. ಜಗಲಿಗೆ ಯಾಕೆ ಕರೆಯಲಿಲ್ಲ ಎಂದು ನಾನಿಯನ್ನು ಕೇಳಿದೆವು. ನಮ್ಮ ದೀನಿನಲ್ಲಿ ಮುಟ್ಟು ಮೈಲಿಗೆ ಇಲ್ಲವೆಂದು ಅದೇ ಜಗಲಿಯಲ್ಲಿ ಕೂತು ಕಲಿತವರು ನಾವು. ನಾನಿ ಸ್ವಲ್ಪ ಹೊತ್ತು ಯೋಚಿಸಿ, ‘ಅವನೂ ಬರಲಿಲ್ಲ, ನಾವೂ ಕರೆಯಲಿಲ್ಲ ಬೇಟಾ’ ಎಂದರು. ಆಮೇಲೆ, ಅವನಿಗೆ ಎಡಗೈಯ ಒಂದು ಬೆರಳು ಅರ್ಧವಷ್ಟೇ ಇತ್ತು, ಆ ಅರ್ಧ ಬೆರಳಿನಲ್ಲೇ ನೂಲು ಬಿಗಿಯುತ್ತಿದ್ದ ಎಂದು ನೆನಪು ಮಾಡಿಕೊಂಡರು.